ಎಡಗಾಲೋ ಬಲಗಾಲೋ

ಕಾಹಲ್ ರುವೇನ್‌ಗೆ ಆ ಶನಿವಾರ ನೋವಾದದ್ದು ಯಾವ ಕಾಲಿಗೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನೋವಾಗಿತ್ತೋ ಇಲ್ಲವೋ ಎಂಬುದೂ ಗೊತ್ತಿಲ್ಲ. ಈ ವಿಷಯ ನನ್ನ ತಲೆಯನ್ನು ತಿಂದಷ್ಟು ಯಾವ ಸ್ಕ್ರಮ್ಮೂ ತಿಂದಿಲ್ಲ.

ನಾನು ಫಿಂಟನ್ ಗೆರಟಿ. ಹದಿನಾಲ್ಕು ವರ್ಷ ನಮ್ಮ ಪ್ರಾಂತ್ಯದ ರಗ್ಬಿ ತಂಡದ ಮುಂಸಾಲಿನಲ್ಲಿ, ಬಲಮೂಲೆಯಲ್ಲಿ ಆಡಿದವನು. ನೋಡಲು ಚಂದದ ಕೆಲಸವೇನಲ್ಲ. ಈ ಕಡೆ ಎಂಟು ಜನ, ಆ ಕಡೆ ಎಂಟು ಜನ, ತಲೆಗಳನ್ನು ಸಿಕ್ಕಿಸಿಕೊಂಡು ಒಬ್ಬರನ್ನೊಬ್ಬರು ತಳ್ಳುವುದು ಸ್ಕ್ರಮ್. ಅದರಲ್ಲಿ ಬಲಮೂಲೆಯವನ ಕುತ್ತಿಗೆಯ ಮೇಲೆ ಎದುರಿನ ಇಬ್ಬರ ಭಾರ ಬೀಳುತ್ತದೆ. ಓಡುವ ಹುಡುಗರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ನಮಗೆ ಹಿಚುಕಿದ ಕಿವಿಯೊಂದೇ ಬಹುಮಾನ.

ಆ ಮೇ ತಿಂಗಳ ಹೊತ್ತಿಗೆ ನಾನು ಆಡಿದ ಪಂದ್ಯಗಳ ಸಂಖ್ಯೆ ನೂರಾ ತೊಂಬತ್ತೊಂಬತ್ತು. ಮುಂದಿನ ವರ್ಷದ ತಂಡದಲ್ಲಿ ನಾನಿಲ್ಲವೆಂದು ಮಾರ್ಚಿನಲ್ಲೇ ಹೇಳಿಬಿಟ್ಟಿದ್ದರು. ಉಳಿದದ್ದು ಎರಡೇ ಪಂದ್ಯ, ಒಂದು ನಮ್ಮೂರಿನಲ್ಲಿ, ಇನ್ನೊಂದು ಸಮುದ್ರದಾಚೆ ವೇಲ್ಸಿನಲ್ಲಿ. ನಮ್ಮ ಮೈದಾನದಲ್ಲಿ ಆಟಗಾರರು ಒಳಗೆ ಬರುವ ಓಣಿಯಲ್ಲಿ ಒಂದು ಮರದ ಹಲಗೆ ಇದೆ. ಇನ್ನೂರು ಪಂದ್ಯ ಆಡಿದವರ ಹೆಸರನ್ನು ಅದರ ಮೇಲೆ ಬಂಗಾರದ ಬಣ್ಣದಲ್ಲಿ ಬರೆಯುತ್ತಾರೆ. ಐದು ಹೆಸರಿದೆ. ಐದೂ ಓಡುವವರದ್ದು. ಆರನೆಯದು ಒಬ್ಬ ತಳ್ಳುವವನದಾಗಬೇಕು ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮಂಗಳವಾರ ಮುಂಸಾಲಿನ ತರಬೇತುದಾರ ಟ್ಯಾನ್ಸಿ ನನ್ನನ್ನು ಕೋಣೆಗೆ ಕರೆದ. ಟ್ಯಾನ್ಸಿ ಕೆಟ್ಟವನಲ್ಲ. ಕೆಟ್ಟ ಸುದ್ದಿ ಹೇಳುವಾಗ ಚಹಾ ಮಾಡಿಕೊಡುತ್ತಾನೆ, ಅಷ್ಟೇ. ನನ್ನ ಮುಂದೆ ಚಹಾ ಇಟ್ಟ.

"ಫಿಂಟನ್, ತಂಡಕ್ಕೆ ಆಳ ಬೇಕು ಮಾರಾಯ."

"ಯಾಕೆ, ಬಾವಿ ತೋಡ್ತಾ ಇದೀವಾ?"

"ತಮಾಷೆ ಬೇಡ. ಬಲಮೂಲೆಗೆ ಇರೋರೇ ನಾಲ್ಕು ಜನ. ಒಬ್ಬನಿಗೆ ಮಂಡಿ ಹೋಗಿದೆ. ನೀನು ಹೊರಟೆ. ಮುಂದಿನ ವರ್ಷಕ್ಕೆ ದಕ್ಷಿಣ ಆಫ್ರಿಕಾದಿಂದ ಒಬ್ಬನ್ನ ತರಿಸ್ತೀವಿ ಅಂತಿದಾರೆ ಮೇಲಿನೋರು. ನಮ್ಮ ಹುಡುಗ ಕಾಹಲ್‌ದು ಅಕಾಡೆಮಿ ತರಬೇತಿ ಈ ಜೂನ್‌ಗೆ ಮುಗಿಯುತ್ತೆ. ಒಂದು ಪಂದ್ಯನಾದ್ರೂ ಆಡಿ ತೋರಿಸ್ದೆ ಇದ್ರೆ ಅವನನ್ನ ಇಟ್ಕೊಳಲ್ಲ. ಶನಿವಾರ ಹದಿನೆಂಟನೇ ಅಂಗಿ ಅವನಿಗೆ."

"ನನಗೆ?"

ಟ್ಯಾನ್ಸಿ ನನ್ನ ಚಹಾದ ಕಡೆ ನೋಡಿದ. "ಇಪ್ಪತ್ನಾಲ್ಕು."

ಪಂದ್ಯಕ್ಕೆ ಇಪ್ಪತ್ಮೂರು ಜನ: ಹದಿನೈದು ಜನ ಮೊದಲಿಂದ ಆಡುತ್ತಾರೆ, ಉಳಿದವರು ನಡುವೆ ಬದಲಿಯಾಗಿ ಇಳಿಯುತ್ತಾರೆ, ಹದಿನೆಂಟನೆಯವನು ಬಲಮೂಲೆಯ ಬದಲಿ. ಇಪ್ಪತ್ನಾಲ್ಕನೆಯವನು ಅವರ ಜೊತೆ ಬಸ್ಸು ಹತ್ತಬೇಕು, ಉಣ್ಣಬೇಕು, ಮೈ ಬಿಸಿಮಾಡಿಕೊಳ್ಳುವ ಓಟ ಓಡಬೇಕು. ಯಾರಿಗೂ ಪೆಟ್ಟಾಗದಿದ್ದರೆ, ಸೀಟಿ ಊದುವ ಹೊತ್ತಿಗೆ ಸ್ವೆಟರ್ ಹಾಕಿಕೊಂಡು ಮೇಲೆ ಹೋಗಿ ಕೂರಬೇಕು. ಇಪ್ಪತ್ತರ ಹುಡುಗರಿಗೆ ಅದು ಕಲಿಕೆ. ಮೂವತ್ನಾಲ್ಕರ ನನಗೆ ಅದು ಮುಖಕ್ಕೆ ಹೊಡೆದ ಹಾಗಿತ್ತು.

"ವೇಲ್ಸಿನ ಪಂದ್ಯಕ್ಕೆ?"

"ಅದನ್ನ ಆಮೇಲೆ ನೋಡೋಣ," ಎಂದ ಟ್ಯಾನ್ಸಿ. ಹಾಗೆಂದರೆ ಏನೆಂದು ಅವನಿಗೂ ಗೊತ್ತಿರಲಿಲ್ಲ.

ಕಾಹಲ್‌ನ ಮೇಲೆ ಸಿಟ್ಟು ಮಾಡಿಕೊಳ್ಳಲು ಆ ರಾತ್ರಿಯೆಲ್ಲ ಪ್ರಯತ್ನಪಟ್ಟೆ. ಆಗಲಿಲ್ಲ. ಎರಡು ವರ್ಷ ಅವನಿಗೆ ಪಾಠ ಹೇಳಿದವನು ನಾನೇ. ಹುಲ್ಲುಗಾವಲಿನ ನಡುವಿನ ಒಂದು ಪುಟ್ಟ ಊರಿನವನು. ಆ ಊರಿನವರಿಗೆ ನಮ್ಮ ದೇಶದ ಹಳೇ ಆಟ ಗೇಲಿಕ್ ಫುಟ್‌ಬಾಲ್ ಬಿಟ್ಟರೆ ಬೇರೆ ಆಟ ಆಟವೇ ಅಲ್ಲ. ನೂರಿಪ್ಪತ್ತು ಕಿಲೋ ತೂಕ, ಮಾತು ಮಾತ್ರ ಗ್ರಾಂ ಲೆಕ್ಕ. ನನ್ನನ್ನು 'ಯಜಮಾನ್ರೇ' ಎಂದು ಕರೆಯುತ್ತಿದ್ದ. ಮೊದಮೊದಲು ಗೇಲಿಗೆ, ಆಮೇಲೆ ಅಭ್ಯಾಸಕ್ಕೆ.

ಮುಂಸಾಲಿನವರ ಒಂದು ಹಳೇ ಚಾಳಿಯನ್ನೂ ನಾನೇ ಅವನಿಗೆ ಕಲಿಸಿದ್ದೆ. ನೋವಾದ ಕಡೆ ಯಾವತ್ತೂ ಪಟ್ಟಿ ಕಟ್ಟಬಾರದು. ಎಡಭುಜ ನೋಯುತ್ತಿದ್ದರೆ ಬಲಭುಜಕ್ಕೆ ದಪ್ಪಗೆ ಪಟ್ಟಿ ಸುತ್ತಬೇಕು. ಎದುರಿನವನು ಪಟ್ಟಿ ನೋಡಿ ಗಟ್ಟಿ ಇರುವ ಕಡೆಯೇ ಗುದ್ದುತ್ತಾ ಸುಸ್ತಾಗುತ್ತಾನೆ. ನಮ್ಮ ಡ್ರೆಸ್ಸಿಂಗ್ ಕೋಣೆಯಲ್ಲೂ ಹಾಗೆಯೇ ಇರಬೇಕು, ಯಾಕೆಂದರೆ ಇವತ್ತು ಪಕ್ಕದಲ್ಲಿ ಕೂತವನು ನಾಳೆ ಬೇರೆ ಪ್ರಾಂತ್ಯಕ್ಕೆ ಹೋಗಬಹುದು.

"ಅಮ್ಮ ಕೇಳಿದ್ರೆ?" ಎಂದಿದ್ದ ಕಾಹಲ್.

"ಅಮ್ಮನಿಗೂ ಹೇಳ್ಬೇಡ. ಅವರ ಬಾಯಿಗೆ ಬಿದ್ರೆ ಊರಿಗೇ ಗೊತ್ತಾಗುತ್ತೆ."

ಶುಕ್ರವಾರ ಅಂಗಿ ಕೊಡುವ ಶಾಸ್ತ್ರ. ಮೊದಲ ಸಲ ಆಡುವವನಿಗೆ ಅದೇ ಜಾಗದ ಹಿರಿಯನೊಬ್ಬ ಎಲ್ಲರ ಮುಂದೆ ಅಂಗಿ ಕೊಟ್ಟು ನಾಲ್ಕು ಮಾತು ಹೇಳಬೇಕು. ಆ ಹಿರಿಯ ಯಾರು? ನಾನೇ. ನನ್ನ ಇನ್ನೂರನೇ ಪಂದ್ಯವನ್ನು ಮಡಚಿ ನನ್ನ ಕೈಯಿಂದಲೇ ಕೊಡಿಸಿದರು. ಹೇಳಲು ಏನೇನೋ ಯೋಚಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು, "ಬೆನ್ನು ನೆಟ್ಟಗಿಡು" ಎಂದಷ್ಟೇ. ಹುಡುಗ ಅಂಗಿ ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತ. ನೋಟದಲ್ಲಿ ಖುಷಿ ಕಾಣಲಿಲ್ಲ. ಹೆದರಿಕೆ ಎಂದುಕೊಂಡೆ.

ಶನಿವಾರ ಸಮುದ್ರದ ಕಡೆಯಿಂದ ಗಾಳಿ. ಕಾಹಲ್‌ನ ಅಮ್ಮ ನೋರೀನ್ ಊರಿನಿಂದ ಒಂದು ಬಸ್ಸಿನ ತುಂಬ ಜನ ಹೊರಡಿಸಿಕೊಂಡು ಬಂದಿದ್ದಳು. ಪಾದ್ರಿ, ಅಂಚೆಯವನು, ರಗ್ಬಿ ಎಂದರೆ ಮುಖ ಸಿಂಡರಿಸುವ ಗೇಲಿಕ್ ಫುಟ್‌ಬಾಲ್ ಸಂಘದ ಅಧ್ಯಕ್ಷ, ಎಲ್ಲರೂ. ನಾವು ಮೈ ಬಿಸಿಮಾಡಿಕೊಳ್ಳಲು ಓಡತೊಡಗಿದೆವು. ಮೂರನೇ ಸುತ್ತಿನಲ್ಲಿ ನನ್ನ ಮುಂದೆ ಓಡುತ್ತಿದ್ದ ಕಾಹಲ್ "ಅಯ್ಯೋ" ಎಂದು ಎಡಗಾಲಿನ ಹಿಂಬದಿ ಹಿಡಿದುಕೊಂಡು ಕುಸಿದ.

ಫಿಸಿಯೋ ಗ್ರಾನ್ಯ ಓಡಿ ಬಂದಳು. ತಂಡದಲ್ಲಿ ನಮ್ಮೆಲ್ಲರನ್ನೂ ಹೆದರಿಸಬಲ್ಲವಳು ಅವಳೊಬ್ಬಳೇ. ತೊಡೆ ಒತ್ತಿ ನೋಡಿದಳು, ಹುಬ್ಬು ಗಂಟಿಕ್ಕಿದಳು, ಮತ್ತೆ ಒತ್ತಿದಳು.

"ಇಲ್ಲೇನಾ?"

"ಹೂಂ."

"ಇಲ್ಲೂ?"

"ಎಲ್ಲಾ ಕಡೆ."

ಆಡುವಂತಿಲ್ಲ ಎಂದು ಗ್ರಾನ್ಯ ತಲೆಯಾಡಿಸಿದಳು. ಒಳಗೆ ಹೋದೆವು. ಕಾಹಲ್ ತನ್ನ ಬೆಂಚಿನ ಮೇಲಿಂದ ಹದಿನೆಂಟರ ಅಂಗಿ ತೆಗೆದು ನನ್ನ ಕೈಗೆ ಕೊಟ್ಟ. ನಾನು ಹಿಂದಿನ ದಿನ ಕೊಟ್ಟ ಅಂಗಿಯೇ, ಮಡಿಕೆ ಕೂಡ ಬಿಚ್ಚಿರಲಿಲ್ಲ.

"ಬೆನ್ನು ನೆಟ್ಟಗಿಡಿ, ಯಜಮಾನ್ರೇ," ಎಂದ.

ಅರವತ್ತೊಂದನೇ ನಿಮಿಷಕ್ಕೆ ನಾನು ಮೈದಾನಕ್ಕೆ ಇಳಿದೆ. ಸೀಟುಗಳಲ್ಲಿದ್ದ ಜನ ಎದ್ದು ನಿಂತರು. ಇನ್ನೂರು! ನನ್ನ ಹೆಂಡತಿ ಅಳುತ್ತಿದ್ದಳಂತೆ. ನಾನು ನಾಲ್ಕು ಸ್ಕ್ರಮ್ ತಳ್ಳಿದೆ, ಒಂದರಲ್ಲಿ ಜಾರಿದೆ, ನಾವು ಗೆದ್ದೆವು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಆದರೆ ಪಂದ್ಯ ಮುಗಿದು ಡ್ರೆಸ್ಸಿಂಗ್ ಕೋಣೆಗೆ ಬಂದಾಗ ಕಾಹಲ್ ಮೂಲೆಯಲ್ಲಿ ಕಾಲಿಗೆ ಐಸ್ ಕಟ್ಟಿಕೊಂಡು ಕೂತಿದ್ದ. ಬಲಗಾಲಿಗೆ.

ನಾನು ಅಲ್ಲೇ ನಿಂತೆ. ಓಡುವಾಗ ಹಿಡಿದದ್ದು ಎಡಗಾಲು. ಈಗ ಐಸ್ ಇರುವುದು ಬಲಗಾಲಿಗೆ. ನಾಟಕವಾಡಿ, ಯಾವ ಕಾಲು ಎಂಬುದನ್ನೇ ಮರೆತನೇ? ಅಥವಾ ನಿಜವಾಗಿ ನೋವಾಗಿ, ನಾನು ಕಲಿಸಿದಂತೆಯೇ ಗಟ್ಟಿ ಕಾಲಿಗೆ ಕಟ್ಟಿಕೊಂಡನೇ? ಎರಡಕ್ಕೂ ಸಾಕ್ಷಿ ಒಂದೇ ಐಸ್ ಚೀಲ. ಆ ಪಾಠ ಹೇಳಿಕೊಟ್ಟ ನನ್ನ ಬಾಯಿಗೆ ಬೀಗ ಹಾಕಬೇಕಿತ್ತು.

ಹೊರಗೆ ನೋರೀನ್ ನನ್ನ ಕೈ ಹಿಡಿದುಕೊಂಡಳು. "ನಮ್ ಹುಡುಗನ ಬದಲು ಆಡಿದ್ರಿ, ಪುಣ್ಯ ಬರ್ಲಿ. ಯಾವ ಕಾಲಪ್ಪಾ ಅಂದ್ರೆ ಬಾಯೇ ಬಿಡಲ್ಲ. ನಿಮಗಾದ್ರೂ ಹೇಳಿದ್ನಾ?"

"ಇಲ್ಲಮ್ಮ."

"ಬಸ್ಸಲ್ಲಿ ನಲ್ವತ್ತೆಂಟು ಜನ ಇದಾರೆ. ಅವನು ಸ್ವೆಟರ್ ಹಾಕೊಂಡು ಕೂತಿದ್ದನ್ನ ನೋಡೋಕೆ ಬಂದ ಹಾಗಾಯ್ತು." ನಕ್ಕಳು, ಆದರೆ ಕಣ್ಣು ಬೇರೆ ಕಡೆ ತಿರುಗಿಸಿಕೊಂಡಳು. ನಾನು ಅವಳ ಮಗನ ಅಂಗಿಯನ್ನು ಇನ್ನೂ ಹಾಕಿಕೊಂಡಿದ್ದೆ.

ಸೋಮವಾರದವರೆಗೆ ತಡೆದುಕೊಂಡೆ. ಬಾಯಿ ಸುಳ್ಳಾಡಬಹುದು, ಸ್ಕ್ರಮ್‌ನಲ್ಲಿ ಕಾಲು ಸುಳ್ಳಾಡಲಾರದು ಎಂದುಕೊಂಡು ಕಾಹಲ್‌ನನ್ನು ಹಿಂದಿನ ಮೈದಾನಕ್ಕೆ ಕರೆದೊಯ್ದೆ. "ಬಾ, ಒಂದು ತಳ್ಳು."

"ಗ್ರಾನ್ಯ ಬೈತಾಳೆ."

"ಹೆದರ್ಕೊಂಡ್ಯಾ? ಅಮ್ಮನ ಬಸ್ಸು ಬರ್ಲಿ ಅಂತ ಕಾಯ್ತಿದೀಯಾ?"

ಅದು ಅವನಿಗೆ ಚುಚ್ಚಿತು. ಬಗ್ಗಿದ. ತಲೆ ಸಿಕ್ಕಿಸಿದೆವು. ನಾನು ಇಷ್ಟು ವರ್ಷ ಎಂತೆಂಥವರ ಕೆಳಗೋ ನಲುಗಿದ್ದೇನೆ, ಆದರೆ ಹೀಗೆ ಹಿಂದೆ ಹೋದವನಲ್ಲ. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ನನ್ನ ಬೂಟು ಹುಲ್ಲನ್ನು ಉಳುತ್ತಾ ಹೋಯಿತು. ಎರಡು ಕಾಲೂ ಕಲ್ಲುಕಂಬ.

ಎದ್ದು ಅವನ ಕಾಲರ್ ಹಿಡಿದೆ. "ನನಗೆ ಭಿಕ್ಷೆ ಹಾಕ್ದ್ಯೇನೋ?"

"ಏನು ಭಿಕ್ಷೆ?"

"ಇನ್ನೂರನೇದು!"

ಕಾಹಲ್ ನನ್ನನ್ನು ನೋಡಿದ. "ಗ್ರಾನ್ಯ ಕೈಗುಣ ಚೆನ್ನಾಗಿದೆ ಯಜಮಾನ್ರೇ. ಸೆಳೆತ ಅಷ್ಟೇ ಇತ್ತು, ಹೋಯ್ತು."

"ಯಾವ ಕಾಲು?"

"ನೀವೇ ಹೇಳಿದೀರಲ್ಲ, ಅಮ್ಮನಿಗೂ ಹೇಳ್ಬಾರ್ದು ಅಂತ."

ಅವನ ಕೆನ್ನೆಗೆ ಹೊಡೆಯಬೇಕೋ ಅವನನ್ನು ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಎರಡು ದಿನದಲ್ಲಿ ಹೋಗುವ ಸೆಳೆತಗಳು ಇವೆ, ನನಗೂ ಬಂದಿವೆ. ನಾಟಕವೆಂದಾದರೆ ನಾನು ಕೃತಘ್ನ, ನಿಜವೆಂದಾದರೆ ನಾನು ಅನುಮಾನದ ಪ್ರಾಣಿ. ಒಂದು ಮಾತ್ರ ಸ್ಪಷ್ಟವಾಗಿತ್ತು. ಹುಡುಗ ನನಗಿಂತ ಗಟ್ಟಿ, ಮತ್ತು ಜೂನ್‌ಗೆ ಅವನನ್ನು ಮನೆಗೆ ಕಳಿಸುತ್ತಾರೆ.

ಗುರುವಾರ ಟ್ಯಾನ್ಸಿ ವೇಲ್ಸ್ ಪಂದ್ಯದ ಪಟ್ಟಿ ಓದಿದ. "ಹದಿನೆಂಟು, ಗೆರಟಿ. ಇಪ್ಪತ್ನಾಲ್ಕು, ರುವೇನ್." ಕಾಲು ಈಗಷ್ಟೇ ವಾಸಿಯಾದವನನ್ನು ನಂಬಲಾಗದಂತೆ. ನಾನು ಅವನ ಕೋಣೆಗೆ ಹೋಗಿ, ಹುಡುಗನನ್ನೇ ಆಡಿಸು ಎಂದೆ. "ಪಟ್ಟಿ ಮೇಲಿನೋರಿಗೆ ಹೋಗಾಯ್ತು," ಎಂದು ಟ್ಯಾನ್ಸಿ ಕೆಟಲ್ ಆನ್ ಮಾಡಿದ. ಚಹಾ ಕುಡಿಯದೆ ಎದ್ದು ಬಂದೆ.

ಹಾಗಾಗಿ ನಾನೊಂದು ನಿರ್ಧಾರ ಮಾಡಿದೆ. ವೇಲ್ಸಿನಲ್ಲಿ ಮೈ ಬಿಸಿಮಾಡಿಕೊಳ್ಳುವಾಗ, ಸಾಲಾಗಿ ಇಟ್ಟ ಕಿತ್ತಳೆ ಬಣ್ಣದ ಗುರುತುಗಳಲ್ಲಿ ಐದನೆಯದರ ಹತ್ತಿರ ಬಲ ಮೀನಖಂಡ ಹಿಡಿದುಕೊಂಡು ಬೀಳುವುದು. ಐದನೆಯದೇ ಯಾಕೆಂದರೆ ಅಲ್ಲಿ ಹುಲ್ಲು ದಪ್ಪಗಿತ್ತು. ಸುಮ್ಮನೆ ಯಾಕೆ ಪೆಟ್ಟು ಮಾಡಿಕೊಳ್ಳಲಿ?

ಓಡಿದೆ. ಒಂದು, ಎರಡು, ಮೂರು. ನಾಲ್ಕನೆಯದರ ಹತ್ತಿರ ಯಾರೋ ಹಿಂದಿನಿಂದ ಕೋಲಿನಲ್ಲಿ ಬಾರಿಸಿದ ಹಾಗಾಯಿತು. ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಬಲ ಮೀನಖಂಡವೇ! ಗಟ್ಟಿ ನೆಲದ ಮೇಲೆ ದೊಪ್ಪನೆ ಬಿದ್ದೆ.

ಗ್ರಾನ್ಯ ಬಂದು ಒತ್ತಿದಳು. ನಾನು ಕೂಗಿದ್ದು ಮೈದಾನಕ್ಕೆಲ್ಲ ಕೇಳಿಸಿರಬೇಕು. ಒಳಗೆ ಗೂಟದಿಂದ ಅಂಗಿ ತೆಗೆದು ಕಾಹಲ್‌ನ ಕೈಯಲ್ಲಿಟ್ಟೆ. ಅವನು ಬಾಗಿ ನನ್ನ ಕಿವಿಯಲ್ಲಿ ಹೇಳಿದ, "ಕೂಗಿದ್ದು ಸ್ವಲ್ಪ ಜಾಸ್ತಿಯಾಯ್ತು, ಯಜಮಾನ್ರೇ."

"ಲೋ, ನಿಜವಾಗ್ಲೂ ನೋವಾಗಿದೆ ಕಣೋ!"

"ಹೂಂ ಹೂಂ." ಕಣ್ಣು ಮಿಟುಕಿಸಿದ.

"ನಮ್ಮಮ್ಮನಾಣೆ!"

"ಎಡಗಾಲೋ ಬಲಗಾಲೋ?"

ಸುಳ್ಳು ಹೇಳಲು ಸಿದ್ಧನಾಗಿ ಹೋದವನಿಗೆ ನಿಜವನ್ನು ನಂಬಿಸಲು ಆಗಲಿಲ್ಲ. ಆ ಶನಿವಾರ ಹುಡುಗನಿಗೂ ಹೀಗೆಯೇ ಆಗಿತ್ತೇ? ಬೀಳಬೇಕೆಂದು ಹೊರಟು, ಅದಕ್ಕೆ ಮೊದಲೇ ಬಿದ್ದನೇ? ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ಅಂಗಿ ತೊಟ್ಟು ಹೊರಗೆ ಹೋಗಿಯಾಗಿತ್ತು.

ನಾನು ಕುಂಟುತ್ತಾ ಮೇಲೆ ಹೋಗಿ ನೋರೀನ್ ಪಕ್ಕ ಕೂತೆ. ಈ ಸಲ ಅವಳು ಬಸ್ಸು ಹೊರಡಿಸಿರಲಿಲ್ಲ. ಮಗ ಆಡುವುದಿಲ್ಲ ಎಂದು ಗೊತ್ತಿದ್ದೂ ಒಬ್ಬಳೇ ಹಡಗು ಹತ್ತಿ ಬಂದಿದ್ದಳು. ಈಗ ಆಡುತ್ತಾನೆ ಎಂದು ಹೇಳಿದೆ. ಅವಳು ಶಿಲುಬೆಯ ಗುರುತು ಮಾಡಿಕೊಂಡಳು.

ಐವತ್ತೆಂಟನೇ ನಿಮಿಷಕ್ಕೆ ಕಾಹಲ್ ಇಳಿದ. ಮೊದಲ ಸ್ಕ್ರಮ್‌ನಲ್ಲಿ ಒಂದು ಹೆಜ್ಜೆ ಹಿಂದೆ ಹೋದ. "ಬೆನ್ನು!" ಎಂದು ಕಿರುಚಿದೆ. ಎರಡನೆಯದರಲ್ಲಿ ಅಲುಗಲಿಲ್ಲ. ಮೂರನೆಯದರಲ್ಲಿ ವೇಲ್ಸಿನವನನ್ನು ಒಂದು, ಎರಡು, ಮೂರು, ನಾಲ್ಕು ಹೆಜ್ಜೆ ತಳ್ಳಿದ. ಸೋಮವಾರ ನನ್ನನ್ನು ತಳ್ಳಿದಷ್ಟೇ. ತಪ್ಪು ಅವರದೆಂದು ರೆಫರಿಯ ಕೈ ನಮ್ಮ ಕಡೆ ಎದ್ದಿತು. ಕೆಳಗೆ ಟ್ಯಾನ್ಸಿ ಸೀಟು ಬಿಟ್ಟು ಎದ್ದು, ಪಕ್ಕದಲ್ಲಿ ಕೂತ ಮೇಲಿನವರ ಭುಜ ಅಲುಗಾಡಿಸುತ್ತಿದ್ದ.

ನೋರೀನ್ ಖುಷಿ ತಡೆಯಲಾರದೆ, ಐಸ್ ಕಟ್ಟಿದ ಕಾಲು ಬೇಡವೆಂದು, ನನ್ನ ಇನ್ನೊಂದು ಕಾಲಿಗೆ ಬಲವಾಗಿ ಬಡಿದಳು. ಐಸ್ ಚೀಲವನ್ನು ನಾನು ಎಡಗಾಲಿಗೆ ಕಟ್ಟಿಕೊಂಡಿದ್ದೆ, ಹದಿನಾಲ್ಕು ವರ್ಷದ ಅಭ್ಯಾಸ. ಕಣ್ಣಲ್ಲಿ ನೀರು ಬಂತು.

"ಅಯ್ಯೋ, ನೋವಾಯ್ತಾ?"

"ಇಲ್ಲಮ್ಮ," ಎಂದೆ. "ಹುಡುಗನ್ನ ನೋಡಿ ಖುಷಿಗೆ."

ಅದೂ ಸುಳ್ಳಾಗಿರಲಿಲ್ಲ.