ಹರಳೆಣ್ಣೆ ಕುಡಿದ ಬೂಟು

ನಾನು ಒಂದು ಓಟದ ಬೂಟು. ಜೋಡಿಯಲ್ಲಿ ಬಲಗಾಲಿನವನು. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಒಬ್ಬಳು ನನ್ನ ಮೇಲ್ಬಟ್ಟೆ ಹೊಲಿದಳು, ಇನ್ನೊಬ್ಬಳು ಅಟ್ಟೆ ಅಂಟಿಸಿದಳು, ಮೂರನೆಯವಳು ಲಾಡಿ ಪೋಣಿಸಿದಳು. ಮೂವರಲ್ಲಿ ಯಾರೂ ನನ್ನನ್ನು ಎರಡನೆಯ ಸಲ ತಿರುಗಿ ನೋಡಲಿಲ್ಲ. ಹೀಗಾಗಿ ತಾಯಿಯ ಮಮತೆ ಎಂದರೇನೆಂದು ನನಗೆ ತಿಳಿಯದು. ಮನುಷ್ಯರ ಪಾದ ಎಂದರೇನೆಂದು ಮಾತ್ರ ಚೆನ್ನಾಗಿ ಬಲ್ಲೆ. ಪಾದ ಒಳ್ಳೆಯ ಪ್ರಾಣಿ. ಅದರ ಮೇಲೆ ಕುಳಿತಿರುವ ಮನುಷ್ಯನೇ ಸರಿಯಿಲ್ಲ.

ಹುಬ್ಬಳ್ಳಿಯ ಒಂದು ಅಂಗಡಿಯ ಗಾಜಿನ ಹಲಗೆಯ ಮೇಲೆ ನಾನು ಮೂರು ತಿಂಗಳು ಕುಳಿತಿದ್ದೆ. ನನ್ನ ಬಣ್ಣ ಕಿತ್ತಳೆ. ಈ ಬಣ್ಣವೇ ನನಗೆ ಮುಳುವಾಯಿತು.

ಶ್ರಾವಣದ ಒಂದು ಸಂಜೆ ಚನ್ನವೀರ ಕೊಪ್ಪದ ಬಂದ. ಪೈಪು, ನೀರಿನ ಮೋಟಾರು ಮಾರುವ ವ್ಯಾಪಾರಿ. ಅವನಿಗೆ ಆ ವಾರವಷ್ಟೇ ನಲವತ್ತಾರು ತುಂಬಿತ್ತು. ಅಂಗಡಿಯವನು ಅವನ ಪಾದ ಅಳೆದು ನೋಡಿದ.

"ಸರ, ನಿಮಗ ಹತ್ತನೇ ನಂಬರ್ ಬೇಕ್ರಿ. ದೂರ ಓಡುವಾಗ ಕಾಲು ಬಾವ್ತಾವು. ಮುಂದ ಹೆಬ್ಬಟ್ಟಿನಷ್ಟು ಜಾಗಾ ಇರಬೇಕ್ರಿ."

"ಹತ್ತರಾಗ ಈ ಬಣ್ಣ ಐತೇನು?"

"ಇಲ್ರಿ. ನೀಲಿ ಅಷ್ಟ ಐತಿ."

"ಹಂಗಾರ ಒಂಬತ್ತ ಕೊಡು. ಬಿಗಿ ಇದ್ರ ಇರ್ಲಿ. ಹಾಕ್ಕೋತ ಹಾಕ್ಕೋತ ಸಡ್ಲ ಆಗ್ತಾವು. ನಾ ಏನ್ ಬೂಟು ಕಾಣದ ಮನಷ್ಯಾ ಏನು?"

ಕಾಣದ ಮನುಷ್ಯನೇ. ಅವನು ಕಂಡದ್ದೆಲ್ಲ ತೊಗಲಿನ ಚಪ್ಪಲಿ. ತೊಗಲು ಕಾಲಿಗೆ ತಕ್ಕಂತೆ ಹಿಗ್ಗುತ್ತದೆ. ನಾನು ಹಿಗ್ಗುವವನಲ್ಲ. ಇದನ್ನು ಅವನಿಗೆ ಹೇಳಲು ನನಗೆ ಬಾಯಿರಲಿಲ್ಲ. ಬಾಯಿದ್ದವನು ಹೇಳಿದರೂ ಅವನು ಕೇಳಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಜೊತೆಗಾರರನ್ನು ನೋಡಿದೆ. ಎದೆಬಡಿತ ಎಣಿಸುವ ಕೈಗಡಿಯಾರ, ಸೊಂಟಕ್ಕೆ ಕಟ್ಟುವ ನೀರಿನ ಪಟ್ಟಿ, ಮೊಳಕಾಲ ಚೀಲ, ಬೆವರು ಹೀರುವ ಬನಿಯನ್ನು, ಕಪ್ಪು ಕನ್ನಡಕ. ಮದುವೆಯ ಹೆಣ್ಣಿನ ಜೊತೆಗೂ ಇಷ್ಟು ಸಾಮಾನು ಬರುವುದಿಲ್ಲ. ಇಷ್ಟೆಲ್ಲ ಹೊತ್ತುಕೊಂಡು ಆ ಮಹಾಶಯ ಓಡುತ್ತಿದ್ದದ್ದು ಕೆರೆಯ ದಂಡೆಯ ಮೇಲೆ, ಸೊಪ್ಪು ಮಾರುವ ಹೆಂಗಸು ಬುಟ್ಟಿ ಹೊತ್ತು ನಡೆಯುವ ವೇಗದಲ್ಲಿ.

ಅವನು ಓಡುತ್ತಿದ್ದದ್ದು ಆಟಕ್ಕಲ್ಲ ಎನ್ನುವುದು ನನಗೆ ಮೊದಲ ವಾರದಲ್ಲೇ ತಿಳಿಯಿತು. ಅವನ ಅಪ್ಪ ನಲವತ್ತಾರನೆಯ ವಯಸ್ಸಿನಲ್ಲಿ, ಅದೇ ಪೈಪಿನ ಅಂಗಡಿಯ ಗಲ್ಲಾದ ಮುಂದೆ ಕುಸಿದು ತೀರಿಕೊಂಡಿದ್ದ. ಎದೆ ನಿಂತುಹೋಗಿತ್ತು. ಚನ್ನವೀರನಿಗೆ ಆಗ ಹದಿನೇಳು. ಈಗ ಅಪ್ಪನ ವಯಸ್ಸು ಮಗನ ಬಾಗಿಲಿಗೆ ಬಂದು ನಿಂತಿತ್ತು. ಈ ಒಂದು ವರ್ಷ ದಾಟಿ ನಲವತ್ತೇಳು ಮುಟ್ಟಬೇಕು, ದಾಟಬೇಕಾದರೆ ಓಡಬೇಕು, ಒಂದು ದಿನ ನಿಂತರೂ ಅದು ಹಿಂದಿನಿಂದ ಬಂದು ಹಿಡಿಯುತ್ತದೆ. ಹೀಗೆ ಅವನ ಲೆಕ್ಕ. ಜನವರಿಯಲ್ಲಿ ಊರಿನಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಟವಿತ್ತು. ಅದನ್ನು ಮುಗಿಸಿಬಿಟ್ಟರೆ ತನ್ನ ಎದೆಗೆ ಏನೂ ಆಗುವುದಿಲ್ಲ ಎಂದು ತಾನೇ ತೀರ್ಪು ಬರೆದುಕೊಂಡಿದ್ದ. ಸಾವಿಗೆ ಹೆದರುವವರ ಮೇಲೆ ನನಗೆ ಕೋಪವಿಲ್ಲ. ಹೆದರಿಕೆಯನ್ನು ಶಿಸ್ತು ಎಂದು ಕರೆದು ಕನ್ನಡಿಯ ಮುಂದೆ ನಿಲ್ಲುವವರನ್ನು ಕಂಡರೆ ಆಗುವುದಿಲ್ಲ.

ಐದು ಕಿಲೋಮೀಟರ್ ದಾಟಿದರೆ ಸಾಕು, ಚಿಕ್ಕ ಪಾತ್ರೆಯಲ್ಲಿ ಹುದುಗು ಬಂದ ದೋಸೆಹಿಟ್ಟಿನಂತೆ ಅವನ ಪಾದ ನನ್ನೊಳಗೆ ಉಬ್ಬುತ್ತಿತ್ತು. ದಸರೆಯ ಹೊತ್ತಿಗೆ ಎರಡು ಉಗುರು ಕಪ್ಪಾದವು. ಅವನ ತಾಯಿ ನೀಲವ್ವ ಅದನ್ನು ನೋಡಿ ಮರುಗಿದಳು.

"ಬೂಟು ಕಚ್ಚತಾವೋ ತಮ್ಮಾ. ನಿಮ್ಮಪ್ಪನ ಚಪ್ಪಲಿಗೆ ನಾ ಹರಳೆಣ್ಣಿ ಹಚ್ಚಿ ಬಿಸಲಿಗೆ ಇಡತಿದ್ದೆ. ಎರಡ್ ದಿನಕ್ಕ ಬೆಣ್ಣಿ ಹಂಗ ಆಗತಿದ್ದುವು."

ಆ ಮುದುಕಿಯದು ತಪ್ಪಿಲ್ಲ. ಕೈಯಲ್ಲಿ ಪ್ರೀತಿ ಇದ್ದವರಿಗೆ ಎಣ್ಣೆಯೂ ಔಷಧಿಯೇ. ಆದರೆ ಮಗನಿಗೆ ಬುದ್ಧಿ ಇರಬೇಡವೇ? ಅವನೇ ಅರಿವೆ ಅದ್ದಿ ಅದ್ದಿ ನನಗೆ ಹರಳೆಣ್ಣೆ ಕುಡಿಸಿದ. ಒಳಗೂ ಹೊರಗೂ. ಎರಡು ದಿನ ಮಾಳಿಗೆಯ ಬಿಸಿಲಲ್ಲಿ ಒಣಗಿಸಿದ. ನಾನು ಗಾಳಿಯಾಡಲೆಂದು ಜಾಳಾಗಿ ನೇಯ್ದ ಬಟ್ಟೆಯವನು. ನನ್ನ ರಂಧ್ರಗಳೆಲ್ಲ ಮುಚ್ಚಿದವು, ಅಂಟು ಸಡಿಲಿತು, ಕೆರೆಯ ದಂಡೆಯ ಧೂಳೆಲ್ಲ ಬಂದು ಮೆತ್ತಿಕೊಂಡಿತು. ಒಳಗಿನ ಮೆತ್ತೆ ಜಾರತೊಡಗಿತು. ಬೆರಳ ಹತ್ತಿರ ಬಿಗಿ, ಹಿಮ್ಮಡಿಯ ಹತ್ತಿರ ಜಾರುಬಂಡೆ. ಪಾದ ಪ್ರತಿ ಹೆಜ್ಜೆಗೂ ನನ್ನನ್ನು ಹಿಡಿದುಕೊಳ್ಳಲು ಒದ್ದಾಡುತ್ತಿತ್ತು.

ದೀಪಾವಳಿಯ ಮರುವಾರ ಬಲಗಾಲಿನ ಹಿಮ್ಮಡಿ ಮಾತಾಡಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಮೊಳೆ ಹೊಡೆದಂತೆ ನೋವು. ಹತ್ತು ಹೆಜ್ಜೆ ನಡೆದರೆ ಕಡಿಮೆಯಾಗುತ್ತಿತ್ತು. ಕಡಿಮೆಯಾಯಿತೆಂದು ಓಡುತ್ತಿದ್ದ. ಸಂಜೆಗೆ ಗೋಡೆ ಹಿಡಿಯುತ್ತಿದ್ದ.

ಹೆಂಡತಿ ಕಸ್ತೂರಿ ಅವನನ್ನು ಬಲವಂತವಾಗಿ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ವ್ಯಾಯಾಮ ಹೇಳಿಕೊಡುವ ಹೆಣ್ಣುಮಗಳು ಅವನ ಅಂಗಾಲನ್ನು ಒತ್ತಿ ನೋಡಿ, ಆರು ವಾರ ಓಡಬೇಡಿ, ಮೀನಖಂಡ ಎಳೆಯುವ ವ್ಯಾಯಾಮ ಮಾಡಿ, ತಣ್ಣಗಿನ ನೀರಿನ ಬಾಟಲಿಯ ಮೇಲೆ ಅಂಗಾಲು ಉರುಳಿಸಿ, ಮೊದಲು ಈ ಬೂಟು ಬದಲಿಸಿ ಎಂದಳು. ನನ್ನನ್ನು ಎತ್ತಿ ಮೂಸಿ, ಮುಖ ತಿರುಗಿಸಿದಳು. ಅವಮಾನವಾಯಿತು, ಆದರೂ ಅವಳ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿದೆ.

ಚನ್ನವೀರ ಎರಡು ದಿನ ಬಾಟಲಿ ಉರುಳಿಸಿದ. ಮೂರನೆಯ ದಿನ ನೋವಿನ ಗುಳಿಗೆ ನುಂಗಿ ಹದಿನಾರು ಕಿಲೋಮೀಟರ್ ಓಡಿ ಬಂದ. ಮೆಟ್ಟಿಲ ಮೇಲೆ ಕುಳಿತು ನನ್ನ ಲಾಡಿಯ ಗಂಟು ಬಿಚ್ಚಲು ಮೂರು ಸಲ ಎಳೆದ.

"ಗಡಿಯಾರ ಎದಿ ಎಷ್ಟ ಬಡಿತೈತಿ ಅಂದ್ರ ಕೇಳತೀರಿ," ಕಸ್ತೂರಿ ಅಕ್ಕಿ ಆರಿಸುತ್ತಲೇ ಹೇಳಿದಳು. "ಹಿಮ್ಮಡಿ ಹೇಳಿದ್ದು ಕೇಳಂಗಿಲ್ಲ. ಅದೇನ್ ಪಾಪ ಮಾಡೈತಿ?"

"ನೀ ಸುಮ್ನಿರು. ಕುಂತ್ರ ಮುಗೀತು ನನ್ನ ಕತಿ."

ಅವಳು ಮೊರದಲ್ಲಿ ಒಂದೇ ಕಲ್ಲನ್ನು ಬಹಳ ಹೊತ್ತು ಹುಡುಕಿದಳು.

ನೋವು ಬಿಡದಿದ್ದಾಗ ತಪ್ಪು ನನ್ನದೆಂದಾಯಿತು. ಬೂಟಿನ ಅಳತೆಯ ತಪ್ಪಲ್ಲ, ಅಷ್ಟು ತಿಳಿವಳಿಕೆ ಬಂದಿದ್ದರೆ ಸಂತೋಷಪಡುತ್ತಿದ್ದೆ. ಬೂಟಿನಲ್ಲಿ ಶನಿ ಹೊಕ್ಕಿದೆ ಎಂದು ನೀಲವ್ವ ಹೇಳಿದಳು. ಶನಿವಾರ ಗುಡಿಯ ಮುಂದೆ ಕಾಲಲ್ಲಿದ್ದದ್ದನ್ನು ಬಿಟ್ಟು ಹಿಂದೆ ನೋಡದೆ ಬಂದರೆ ಕಾಡುವ ಶನಿ ಅದರ ಜೊತೆಗೇ ಉಳಿಯುತ್ತದೆ ಎಂಬ ನಂಬಿಕೆ ಈ ಕಡೆ ಉಂಟು. ಹತ್ತು ಮೋಟಾರುಗಳ ತಾಂತ್ರಿಕ ವಿವರ ಬಾಯಿಪಾಠ ಹೇಳುವ ಆ ಮನುಷ್ಯ ಡಿಸೆಂಬರಿನ ಒಂದು ಶನಿವಾರ ನಮ್ಮಿಬ್ಬರನ್ನು ಹನುಮಪ್ಪನ ಗುಡಿಯ ಕಟ್ಟೆಯ ಕೆಳಗೆ ಬಿಟ್ಟು, ಬರಿಗಾಲಲ್ಲಿ ಕುಂಟುತ್ತ ಹೋದ. ನಿಜವಾಗಿಯೂ ಹಿಂದೆ ನೋಡಲಿಲ್ಲ.

ಸಂಜೆಯವರೆಗೆ ಬಿದ್ದಿದ್ದೆವು. ಜನ ನಮ್ಮನ್ನು ಕಂಡು ಸುತ್ತುಹಾಕಿ ಹೋಗುತ್ತಿದ್ದರು. ಇನ್ನೊಬ್ಬರ ಶನಿ ಯಾರಿಗೆ ಬೇಕು? ಕೊನೆಗೆ ಕಟಗೇರಿ ಮಾಸ್ತರರು ಬಂದರು. ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು, ಅರವತ್ತೆಂಟರ ವಯಸ್ಸು. ಚನ್ನವೀರ ಅವರ ಹಳೆಯ ಶಿಷ್ಯ. ಹೆಬ್ಬೆರಳು ಹೊರಗೆ ಇಣುಕುವ ಕ್ಯಾನ್‌ವಾಸ್ ಬೂಟಿನಲ್ಲೇ ಅವರು ದಿನಾ ಕೆರೆ ಸುತ್ತುತ್ತಿದ್ದರು. ನನ್ನನ್ನು ಎತ್ತಿ ನಂಬರ್ ನೋಡಿದರು. ಒಂಬತ್ತು. ಅಲ್ಲೇ ಕಟ್ಟೆಯ ಮೇಲೆ ಕುಳಿತು ಹಾಕಿಕೊಂಡು ಹೊರಟೇಬಿಟ್ಟರು. ಸರಿಯಾದ ಪಾದ ಎಂದರೆ ಏನೆಂದು ಆ ದಿನ ತಿಳಿಯಿತು.

ಮಾರನೆಯ ದಿನ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಚನ್ನವೀರ ಎದುರಾದ. ಕಾಲಲ್ಲಿ ಹೊಸ ಬೂಟು. ನಾಲ್ಕು ಹೆಜ್ಜೆಗೊಮ್ಮೆ ಕುಂಟು. ನನ್ನನ್ನು ನೋಡಿ ಹೌಹಾರಿದ.

"ಸರ, ಅವನ್ನ ಯಾಕ ಹಾಕ್ಕೊಂಡ್ರಿ? ಅದರಾಗ ನನ್ನ ಶನಿ ಐತ್ರಿ. ನಿಮಗ ಹತ್ತತೈತಿ."

ಮಾಸ್ತರರು ನನ್ನನ್ನು ಕಳಚಿ ಮೂಗಿಗೆ ಹಿಡಿದರು. "ಶನಿ ಏನೂ ಇಲ್ಲಲೇ. ಹರಳೆಣ್ಣಿ ಐತಿ."

ಅಲ್ಲಿ ಓಡುತ್ತಿದ್ದವರೆಲ್ಲ ನಕ್ಕರು. ಮಾಸ್ತರರು ನಗಲಿಲ್ಲ. ಅವರನ್ನೆಲ್ಲ ಮುಂದೆ ಕಳಿಸಿ, ಶಿಷ್ಯನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿದರು.

"ಎಷ್ಟ ದಿನದಿಂದ ನೋಯಾಕತ್ತೈತಿ?"

"ತಿಂಗಳ ಮ್ಯಾಲಾತ್ರಿ. ಆರು ವಾರ ಓಡಬ್ಯಾಡ ಅಂದಾರ. ಹೆಂಗ ಬಿಡ್ಲಿ ಸರ? ನಿಮಗ ಗೊತ್ತಲ್ಲ, ಅಪ್ಪ ಹೆಂಗ ಹೋದ ಅಂತ."

"ಹೆಂಗ ಹೋದ, ನೀ ಹೇಳು."

"ಅಂಗಡ್ಯಾಗ ಬಿದ್ದ. ಒಂದ ಕ್ಷಣದಾಗ."

"ಒಂದ ಕ್ಷಣ ಅಲ್ಲೋ ಅದು. ಮೂರು ದಿನ." ಮಾಸ್ತರರು ನೀರಿನ ಕಡೆ ನೋಡುತ್ತ ಹೇಳಿದರು. "ನಾವಿಬ್ರೂ ದಿನಾ ಸಂಜಿಕ ಚಾ ಕುಡೀತಿದ್ವಿ. ಎದಿ ಭಾರ ಅನಸ್ತೈತಿ ಅಂದ. ಮರುದಿನ ಎಡಗೈ ಜೋಮು ಹಿಡದೈತಿ ಅಂದ. ದವಾಖಾನಿಗೆ ನಡಿ ಅಂದ್ರ, ಮಾಲು ಬಂದೈತಿ, ಇಳಿಸಿಕೊಂಡ ಹೋಗೂಣು ಅಂತ ಸೋಡಾ ಕುಡದ. ನಾನೂ ಒಂದ ಸಲ ಹೇಳಿ ಸುಮ್ಮನಾದೆ. ಕೈ ಹಿಡದ ಎಳಕೊಂಡ ಹೋಗಬೇಕಿತ್ತು."

ಚನ್ನವೀರ ಬಾಗಿ ತನ್ನ ಹಿಮ್ಮಡಿ ಒತ್ತಿಕೊಂಡ.

"ಓಡಲಿಲ್ಲ ಅಂತ ಸಾಯಲಿಲ್ಲೋ ಅಂವ. ಕುಂದ್ರಲಿಲ್ಲ ಅಂತ ಸತ್ತ."

ಒಂದು ಮಾತಿಗೆ ಮನುಷ್ಯ ಬದಲಾಗುತ್ತಾನೆಂದು ನಾನು ನಂಬುವವನಲ್ಲ. ಅವನು ಎದ್ದು ಕುಂಟುತ್ತ ಹೋದ. ಮರುದಿನ ಮತ್ತೆ ಗುಳಿಗೆ ನುಂಗಿ ಬರುತ್ತಾನೆಂದೇ ಎಣಿಸಿದ್ದೆ. ಬರಲಿಲ್ಲ. ಅದರ ಮರುದಿನವೂ ಇಲ್ಲ.

ಜನವರಿಯ ಓಟಕ್ಕೆ ನಾನು ಹೋದದ್ದು ಮಾಸ್ತರರ ಕಾಲಲ್ಲಿ. ಎಷ್ಟೋ ಜನರ ಬೂಟುಗಳನ್ನು ಹತ್ತಿರದಿಂದ ನೋಡಿದೆ. ಕೆಲವು ನಿನ್ನೆ ಕೊಂಡವು, ಪೆಟ್ಟಿಗೆಯ ವಾಸನೆ ಹೋಗಿರಲಿಲ್ಲ. ಹೊಸ ಬೂಟಿನಲ್ಲಿ ಓಟದ ದಿನವೇ ಇಪ್ಪತ್ತೊಂದು ಕಿಲೋಮೀಟರ್ ಓಡುವ ಧೀರರಿಗೆ ಹತ್ತನೆಯ ಕಿಲೋಮೀಟರಿನಲ್ಲೇ ಬೊಬ್ಬೆಯ ಹಾರ ಬಿದ್ದಿತ್ತು.

ಹದಿಮೂರನೆಯ ಕಿಲೋಮೀಟರಿನಲ್ಲಿ ನೀರು ಕೊಡುವ ಮೇಜು. ಅದರ ಹಿಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚನ್ನವೀರ ಕುಳಿತಿದ್ದ. ಬಲಗಾಲ ಕೆಳಗೆ ಮಂಜುಗಟ್ಟಿದ ಬಾಟಲಿ. ಒಂದು ಕೈಯಲ್ಲಿ ಲೋಟ ಕೊಡುತ್ತ, ಕಾಲಲ್ಲಿ ಬಾಟಲಿ ಉರುಳಿಸುತ್ತಿದ್ದ. ಓಡುವವರನ್ನು ನೋಡುವ ಅವನ ಕಣ್ಣಲ್ಲಿ, ಏಕಾದಶಿಯ ದಿನ ಪಕ್ಕದ ಮನೆಯ ಒಗ್ಗರಣೆಯ ವಾಸನೆ ಬಂದವನ ಸಂಕಟ.

ನಮ್ಮ ಮಾಸ್ತರರ ಎಡ ಮೀನಖಂಡ ಒಂಬತ್ತನೆಯ ಕಿಲೋಮೀಟರಿನಿಂದಲೇ ಹಿಡಿದುಕೊಂಡಿತ್ತು. ನನ್ನ ಜೊತೆಯವನ ಮೇಲೆ ಭಾರ ಬೀಳದಂತೆ ಎಲ್ಲವನ್ನೂ ನನ್ನ ಮೇಲೆ ಹಾಕಿ, ಮುಖದಲ್ಲಿ ನಗು ಇಟ್ಟುಕೊಂಡು ಬರುತ್ತಿದ್ದರು. ಊರಿಗೆಲ್ಲ ಉಪದೇಶ ಮಾಡಿದವರು. ಅವರ ಮೇಲೆ ನಾನು ಇಟ್ಟಿದ್ದ ಗೌರವ ಅಲ್ಲೇ ರಸ್ತೆಯಲ್ಲಿ ಉದುರಿತು.

"ಸರ, ಎಡಗಾಲಿಗೆ ಏನಾಗೈತ್ರಿ?"

"ಏನಿಲ್ಲ. ನೀರ ಕೊಡು."

"ಕುಂದರ್ರಿ."

"ಇನ್ನ ಎಂಟ ಕಿಲೋಮೀಟರ್ ಅಷ್ಟ ಐತಿ. ಬಿಡೋ."

ಮಾಸ್ತರರು ಎರಡು ಹೆಜ್ಜೆ ಮುಂದೆ ಹೋದರು. ಚನ್ನವೀರ ಕುರ್ಚಿಯಿಂದ ಎದ್ದ. ಲೋಟಗಳು ಉರುಳಿದವು. ಬಂದು ಅವರ ಮುಂಗೈ ಹಿಡಿದ. ಮುದುಕರು ಜಗ್ಗಿದರು. ಅವನು ಬಿಡಲಿಲ್ಲ. ದಾರಿಯಲ್ಲಿ ಓಡುವವರೆಲ್ಲ ನೋಡುತ್ತಿದ್ದಂತೆ ಗುರುವನ್ನು ಎಳೆದು ತಂದು ತನ್ನ ಕುರ್ಚಿಯಲ್ಲಿ ಕೂರಿಸಿ, ನೆಲಕ್ಕೆ ಕೂತು ನಮ್ಮ ಲಾಡಿ ಬಿಚ್ಚಿದ. ನನ್ನ ಮೇಲೆ ಅವನ ಬೆರಳು ಬಹಳ ದಿನಗಳ ಮೇಲೆ ಬಿತ್ತು. ಈ ಸಲ ಗಂಟು ಒಂದೇ ಎಳೆತಕ್ಕೆ ಬಿಚ್ಚಿತು.

"ಭಾಳ ಜೋರಾತು ನಿಂದು," ಎಂದರು ಮಾಸ್ತರರು.

"ಬೈರಿ. ಕುಂತ ಬೈರಿ."

ಇಬ್ಬರೂ ಒಂದೇ ಬಾಟಲಿಯನ್ನು ಸರದಿಯಲ್ಲಿ ಕಾಲಿಗೆ ಹಚ್ಚಿಕೊಂಡು ಬಿಸಿಲೇರುವವರೆಗೆ ಕುಳಿತರು. ಪದಕ ಯಾರಿಗೂ ಬರಲಿಲ್ಲ.

ನಾನು ಇನ್ನೂ ನಾಲ್ಕೈದು ತಿಂಗಳು ದುಡಿದೆ. ಅಷ್ಟರಲ್ಲಿ ಅಟ್ಟೆ ಸವೆದು ಕನ್ನಡಿಯಾಯಿತು, ಹಿಮ್ಮಡಿ ಒಂದು ಕಡೆ ವಾಲಿತು. ಈಗ ಮಾಸ್ತರರ ಹಿತ್ತಲಲ್ಲಿ, ಒಗೆಯುವ ಕಲ್ಲಿನ ಪಕ್ಕ ಇದ್ದೇನೆ. ಕರಿಬೇವಿಗೆ ನೀರು ಬಿಡುವಾಗ ಅವರ ಹೆಂಡತಿ ನನ್ನನ್ನು ಮೆಟ್ಟಿಕೊಳ್ಳುತ್ತಾರೆ. ಅವರ ಪಾದ ನನ್ನೊಳಗೆ ತೊಟ್ಟಿಲಲ್ಲಿನ ಕೂಸಿನಂತೆ ಸಡಿಲವಾಗಿ ಮಲಗುತ್ತದೆ. ಗಡಿಯಾರವಿಲ್ಲ, ಪಟ್ಟಿಯಿಲ್ಲ. ಕೆಲಸವಾದ ಕೂಡಲೇ ಕಳಚಿ, ಸೊಂಟ ಹಿಡಿದುಕೊಂಡು, "ಸಾಕವ್ವಾ ಇವತ್ತಿಗೆ" ಎಂದು ಕೂತುಬಿಡುತ್ತಾರೆ. ಈ ವಿದ್ಯೆಯನ್ನು ಯಾವ ಓಟಗಾರನಲ್ಲೂ ನಾನು ಕಾಣಲಿಲ್ಲ.

ಮೊನ್ನೆ ಶ್ರಾವಣದ ಒಂದು ಬೆಳಿಗ್ಗೆ ಚನ್ನವೀರ ಇಲ್ಲಿಗೆ ಬಂದಿದ್ದ. ಕಸ್ತೂರಿ ಕಟ್ಟಿಕೊಟ್ಟ ಗೋಧಿ ಹುಗ್ಗಿಯ ಡಬ್ಬಿ ಕೈಯಲ್ಲಿತ್ತು. ಅಂದು ಅವನಿಗೆ ನಲವತ್ತೇಳು ತುಂಬಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಗುರುಶಿಷ್ಯರು ಹುಗ್ಗಿ ತಿಂದರು. ಚನ್ನವೀರನ ಕಾಲಲ್ಲಿದ್ದದ್ದು ಹತ್ತನೆಯ ನಂಬರಿನ ನೀಲಿ ಬೂಟು. ಅದರ ಕಡೆ ನಾನು ಹೆಚ್ಚು ನೋಡಲಿಲ್ಲ. ಅಂದು ಕೆರೆಯ ಸುತ್ತ ಒಂದು ಸುತ್ತು ಓಡಿ ಬಂದಿದ್ದನಂತೆ.

"ಹಿಮ್ಮಡಿ ನೋವು ಐತೇನು?" ಮಾಸ್ತರರು ಕೇಳಿದರು.

"ಇಲ್ರಿ."

ಮಾಸ್ತರರು ಡಬ್ಬಿಯ ತಳ ಕೆರೆಯುತ್ತಿದ್ದರು. ಚಮಚದ ಸದ್ದು ನಿಲ್ಲುವವರೆಗೆ ಚನ್ನವೀರ ನೆಲ ನೋಡಿದ.

"ಸ್ವಲ್ಪ ಐತ್ರಿ," ಎಂದ. "ಅದಕ್ಕ ಎರಡನೇ ಸುತ್ತು ಬಿಟ್ಟೆ."

ಇಷ್ಟು ಹೇಳಲು ಆ ಮಹಾಶಯನಿಗೆ ನಲವತ್ತೇಳು ವರ್ಷ ಬೇಕಾಯಿತು. ಅವನಪ್ಪನಿಗೆ ಅಷ್ಟು ವರ್ಷ ಸಿಗಲಿಲ್ಲ.