ಒಂದು ಪೌಂಡಿನ ಸಾಲ

ಬ್ಲೆಥರ್‌ಶಾ ಟೌನ್ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ ಡಿಲಿಸ್ ಹಾರ್‌ಗ್ರೀವ್ಸ್ ಲೆಕ್ಕಕ್ಕೆ ಕೂತಳೆಂದರೆ ಲಂಡನ್ನಿನ ಬ್ಯಾಂಕುಗಳೆಲ್ಲ ಉಸಿರು ಬಿಗಿಹಿಡಿಯುತ್ತಿದ್ದವು. ಇಪ್ಪತ್ತಾರು ವರ್ಷದಲ್ಲಿ ಅವಳ ಕೈತಪ್ಪಿದ್ದು ಒಂದೇ ಒಂದು ಪೆನ್ನಿ ಕಾಸು. ಅದೂ ಮರುದಿನ ತಾನಾಗಿ ಬಂದು ಕ್ಷಮೆ ಕೇಳಿತ್ತು.

ಅಂದು ಜನವರಿಯ ಕೊನೆಯ ದಿನ, ಹೊಸ ಆಟಗಾರರನ್ನು ಸೇರಿಸಿಕೊಳ್ಳಲು ಕಡೆಯ ಗಡುವು. ಸಂಜೆ ಐದರೊಳಗೆ ಗೋಲು ಹೊಡೆಯುವ ಒಬಾಡಿಯಾ ಕ್ವಾರ್ಶಿಯ ಒಪ್ಪಂದ ಲೀಗಿನ ಕಚೇರಿಗೆ ತಲುಪಬೇಕು. ಅವನು ಒದ್ದ ಚೆಂಡು ಬಲೆ ಹರಿದು, ಹಿಂದಿನ ಬೀದಿಯ ಮೂರು ಹೊಗೆಕೊಳವೆ ಉರುಳಿಸಿದ ಮೇಲೇ ದಣಿಯುತ್ತಿತ್ತು. ತಂಡವೋ ಅಂಕಪಟ್ಟಿಯ ತಳದಲ್ಲಿತ್ತು. ಅವನು ಬಾರದಿದ್ದರೆ ನೂರು ವರ್ಷದ ಕ್ಲಬ್ಬು ಲೀಗಿನಿಂದಲೇ ಹೊರಗೆ.

ಅಡ್ಡ ನಿಂತದ್ದು ಒಂದು ನಿಯಮ. ಆಟಗಾರರ ಸಂಬಳ ಕ್ಲಬ್ಬಿನ ಆದಾಯದ ಅರ್ಧ ಮೀರುವಂತಿಲ್ಲ; ಒಬಾಡಿಯಾನ ಸಂಬಳ ಸೇರಿದರೆ ಮೀರುತ್ತಿತ್ತು. ಒಡೆಯ ಷೇರು ಕೊಂಡು ಹಾಕಿದ ಹಣ ಆದಾಯಕ್ಕೆ ಸೇರುತ್ತದೆ. ಸಾಲ ಸೇರುವುದಿಲ್ಲ, ಸಾಲವೆಂದರೆ ಚಪ್ಪಲಿ ಬಿಡದೆ ಕೂತ ನೆಂಟ, ಯಾವಾಗ ಎದ್ದು ಹೊರಡುವನೋ. ಕ್ಲಬ್ಬಿನ ಒಡೆಯ, ಪೈ ಎಂಬ ಮಾಂಸದ ಕಡುಬಿನ ಕಾರ್ಖಾನೆ ನಡೆಸುವ ಕ್ಲಿಫರ್ಡ್ ಆಕ್ರಾಯ್ಡ್ ಆರು ವರ್ಷದಲ್ಲಿ ಹಾಕಿದ್ದು ಒಟ್ಟು ನಾಲ್ಕು ಲಕ್ಷ ಪೌಂಡು. ಅಷ್ಟೂ ಸಾಲ.

"ಯಜಮಾನ್ರೇ, ಇಲ್ಲೊಂದು ಸಹಿ ಹಾಕಿ. ಸಾಲ ಹೋಗಿ ಷೇರಾಗುತ್ತೆ."

"ಆಮೇಲೆ ವಾಪಸ್ ಕೇಳಬೋದೇನಮ್ಮಾ?"

"ಇಲ್ಲ."

"ಹಂಗಾದ್ರೆ ಸಹೀನೂ ಇಲ್ಲ!"

"ಆರು ವರ್ಷದಲ್ಲಿ ಒಂದ್ಸಲಾನಾದ್ರೂ ವಾಪಸ್ ತಗೊಂಡಿದೀರಾ?"

"ತಗೊಳ್ಳೋದು ಬೇರೆ, ತಗೋತೀನಿ ಅಂತ ಹೆದರ್ಸೋದು ಬೇರೆ ಕಣಮ್ಮ!"

ಡಿಲಿಸ್‌ಗೆ ತಟ್ಟನೆ ಹೊಳೆಯಿತು. ಪ್ರತಿ ಶನಿವಾರ ತಂಡ ಎಡವಿದಾಗ ಕ್ಲಿಫರ್ಡ್ ಎದ್ದು, ಗೋಡೆಯ ಬಣ್ಣ ಉದುರುವಂತೆ, "ನನ್ ಸಾಲ ಬಿಸಾಕ್ರೋ!" ಎಂದು ಗರ್ಜಿಸುವನು. ನಾಲ್ಕು ಸಾವಿರ ಗಂಟಲು, "ತಗೊಂಡ್ ಹೋಗೋ ಕ್ಲಿಫ್!" ಎನ್ನುವವು. ಆ ಜಗಳವಿಲ್ಲದ ವಾರ ಅವನಿಗೆ ಉಪ್ಪಿಲ್ಲದ ಪೈ.

ಅವಳು ಹೊಸ ಕಾಗದ ಟೈಪು ಮಾಡಿದ ವೇಗಕ್ಕೆ ಮೇಜಿನ ಮೇಲಿನ ಚಹಾ ಮತ್ತೆ ಕುದಿಯಿತು.

"ಮೂರು ಲಕ್ಷ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಪೌಂಡು ಷೇರಿಗೆ. ಒಂದು ಪೌಂಡು ಸಾಲವಾಗೇ ಇರ್ಲಿ."

"ಒಂದು ಪೌಂಡಾ? ನನ್ನ ಏನಂದ್ಕೊಂಡಿದೀಯಾ?"

"ಕೂಗೋಕೆ ಎಷ್ಟು ಬೇಕು ಯಜಮಾನ್ರೇ? ಅಷ್ಟು ದೂರಕ್ಕೆ ಮೊತ್ತ ಕೇಳ್ಸುತ್ತಾ?"

ಕ್ಲಿಫರ್ಡ್ ಮೀಸೆ ಅಗಿದ. ಗಡಿಯಾರ ನೋಡಿದ. ಸಹಿ ಹಾಕಿದ. ಐದಕ್ಕೆ ನಾಲ್ಕು ನಿಮಿಷವಿರುವಾಗ ಒಪ್ಪಂದ ಲೀಗಿಗೆ ಹಾರಿತು.

ಶನಿವಾರ ಒಬಾಡಿಯಾ ಮೊದಲ ಗೋಲು ಹೊಡೆದ. ಎದುರು ತಂಡದ ಗೋಲ್‌ಕೀಪರ್ ಆ ಚೆಂಡನ್ನು ಇನ್ನೂ ಹುಡುಕುತ್ತಿದ್ದಾನಂತೆ. ಅವನ ಎರಡನೆಯ ಹೊಡೆತ ಗೋಲಿನ ಕಂಬಕ್ಕೆ ಬಡಿದು ಆಚೆ ಹೋಯಿತು. ಕಾದಿದ್ದವನಂತೆ ಕ್ಲಿಫರ್ಡ್ ಎದ್ದ.

"ನನ್ ಸಾಲ ಬಿಸಾಕ್ರೋ!"

ಆದರೆ ಉಳಿದದ್ದು ಒಂದೇ ಪೌಂಡು ಸಾಲವೆಂಬ ಗುಟ್ಟು ಆಗಲೇ ಊರಿನ ಪಬ್ಬು ಸೇರಿತ್ತು. ಉಣ್ಣೆ ಟೋಪಿಗಳು ಕೈಯಿಂದ ಕೈಗೆ ದಾಟುತ್ತ, ಒಂದೊಂದು ಪೌಂಡಿನ ನಾಣ್ಯಗಳಿಂದ ತುಂಬಿ ತುಳುಕುತ್ತ ಅವನ ಮುಂದೆ ಬಂದು ಕೂತವು.

"ತಗೋ ಕ್ಲಿಫ್, ನಿನ್ ಸಾಲ!"

ಸಾಲ ತೀರಿದರೆ ಇನ್ನು ಕೂಗಲು ಏನಿದೆಯೆಂದು ಕ್ಲಿಫರ್ಡನ ಮುಖ ಬಾಡಿತು. ಕೈ ಚಾಚುವಷ್ಟರಲ್ಲಿ ಡಿಲಿಸ್ ಟೋಪಿಗಳನ್ನು ಬಾಚಿ ಮಡಿಲಿಗೆ ಹಾಕಿಕೊಂಡಳು.

"ಮುಟ್ಬೇಡಿ! ಕ್ಲಬ್ಬಿನ ಸಾಲ ನನ್ನ ಸಹಿ ಇಲ್ದೆ ತೀರಲ್ಲ, ನಾನು ಹಾಕಲ್ಲ. ಇದೆಲ್ಲ ಜನರ ದೇಣಿಗೆ. ದೇಣಿಗೆ ಆದಾಯಕ್ಕೆ ಸೇರುತ್ತೆ."

ಬೆರಳು ಮಡಚಿ ಎಣಿಸಿದಳು.

"ಮುಂದಿನ ಗಡುವಿಗೆ ಎಡಗಡೆಗೊಬ್ಬ ಆಟಗಾರ ಬೇಕು, ಇನ್ನೊಂದಷ್ಟು ಟೋಪಿ ತುಂಬ್ಬೇಕು. ಯಜಮಾನ್ರೇ, ಎದ್ದು ಇನ್ನೊಂದ್ಸಲ ಜೋರಾಗಿ ಕೂಗಿ!"