ಚಿಕ್ಕಮ್ಮನ ತುತ್ತು

ದೀಪಾವಳಿಗೆ ಅಮೆರಿಕದ ಡರ್ಹಮ್ಮಿನ ಕನ್ನಡದವರೆಲ್ಲ ರಘುನಾಥನ ಮನೆಯಲ್ಲಿ ಸೇರಿದರೆ ನನಗೊಂದು ಪ್ರಾರಬ್ಧ ತಪ್ಪುತ್ತಿರಲಿಲ್ಲ. ಬಿಸಿಬೇಳೆಭಾತ್ ತಟ್ಟೆಗೆ ಬೀಳುವ ಹೊತ್ತಿಗೆ ಸರಿಯಾಗಿ ಯಾವುದಾದರೂ ಮಗು ಬಂದು ಇವರ ಪ್ಯಾಂಟು ಜಗ್ಗಿ, "ಅಂಕಲ್, ಡೂ ದ ಡಾಗ್!" ಎನ್ನುತ್ತಿತ್ತು. ಇವರು ಅಂದರೆ ನನ್ನ ಗಂಡ, ಡಾಕ್ಟರ್ ಶ್ರೀಕಂಠಯ್ಯ. ಅಲ್ಲಿ ಸೇರಿದ್ದ ಮಿಕ್ಕ ಡಾಕ್ಟರುಗಳೆಲ್ಲ ಮನುಷ್ಯರಿಗೆ, ಇವರೊಬ್ಬರು ಪ್ರಾಣಿಗಳಿಗೆ. ಕೇಳಿದ್ದೇ ತಡ, ತಟ್ಟೆ ಕೆಳಗಿಟ್ಟು, ಕೈಯೆರಡನ್ನೂ ಬಾಯಿಗೆ ಬೊಗಸೆ ಮಾಡಿ "ಹೂ... ಹೂ..." ಎಂದು ಕೂಗುವರು. ಗುಂಪಿನಿಂದ ತಪ್ಪಿಹೋದ ಆಫ್ರಿಕಾದ ಕಾಡುನಾಯಿ ತನ್ನವರನ್ನು ಕರೆಯುವುದು ಹಾಗೆಯೇ ಅಂತೆ.

"ಏನ್ರೀ ಲಲಿತಾ, ಆಫ್ರಿಕಾಗೆ ಹೋದೋರೆಲ್ಲ ಸಿಂಹ ಸ್ಟಡಿ ಮಾಡ್ತಾರೆ. ನಿಮ್ಮೆಜಮಾನ್ರು ನಾಯಿ ಹಿಂದೆ ಬಿದ್ರಲ್ಲ!" ಎಂದು ರಘುನಾಥ ಛೇಡಿಸುವನು.

"ಸಿಂಹಕ್ಕೆ ಫೋಟೋ ತೆಗೆಯೋರಿದಾರೆ ಕಣಯ್ಯ. ಇವುಕ್ಕೆ ಗುಂಡು ಹೊಡೆಯೋರು ಮಾತ್ರ," ಎಂದು ಇವರು ಶುರು ಮಾಡುವರು. "ಸಿಂಹದ ಹತ್ರ ಇಲ್ದಿರೋ ಬುದ್ಧಿ ಇವುಕ್ಕಿದೆ. ಎಲ್ಲಾ ಬೇಟೆಗೆ ಹೋದ್ರೂ ಒಂದು ಮಾತ್ರ ಮರಿ ಕಾಯೋಕೆ ಬಿಲದ ಹತ್ರ ಉಳಿಯುತ್ತೆ. ಹೋದವು ಹೊಟ್ಟೆ ತುಂಬ ತಿಂದು ಬಂದು ಮರಿಗಳಿಗೂ ಅದಕ್ಕೂ ಮಾಂಸ ಕಕ್ಕಿ ಕೊಡ್ತವೆ. ಮುದಿದಾಗ್ಲಿ, ಕುಂಟಿದ್ದಾಗ್ಲಿ, ಯಾವುದನ್ನೂ ಹಸಿದಿರೋಕೆ ಬಿಡಲ್ಲ."

"ರೀ, ಊಟದ ಮುಂದೆ ಕಕ್ಕೋ ವಿಷಯ ಬೇಡ ಅಂತ ಎಷ್ಟು ಸಲ ಹೇಳ್ಲಿ?" ಎಂದು ನಾನು ರೇಗುತ್ತಿದ್ದೆ. ಅವರಿಗೆ ಕೇಳಿಸುತ್ತಿರಲಿಲ್ಲ.

ಟಾಂಜಾನಿಯದ ಬಯಲಲ್ಲಿ ವರ್ಷಕ್ಕೆ ಐದಾರು ತಿಂಗಳು ಜೀಪಿನಲ್ಲೇ ಮಲಗಿ ಒಂದೇ ಗುಂಪಿನ ಹಿಂದೆ ಅಲೆದವರು ಇವರು. ಆ ನಾಯಿಗಳ ಮೈಮೇಲಿನ ಕಪ್ಪು, ಬಿಳಿ, ಹಳದಿ ಮಚ್ಚೆ ಒಂದರಂತೆ ಇನ್ನೊಂದಕ್ಕಿಲ್ಲ. ಮಚ್ಚೆ ನೋಡಿ ಹೆಸರಿಟ್ಟಿದ್ದರು: ಗೌಡ, ಶ್ಯಾನುಭೋಗ, ಬೊಟ್ಟಿನಮ್ಮ. ಒಂದು ಹೆಣ್ಣು ತಾನು ಒಂದು ಸಲವೂ ಈಯದೆ, ವರ್ಷವರ್ಷವೂ ಅಕ್ಕನ ಮರಿಗಳನ್ನು ಕಾಯುತ್ತಿತ್ತು. ಅದು ಚಿಕ್ಕಮ್ಮ. ಮಗಳು ಚಿತ್ರಾಳ ಶಾಲೆಯ ಟೀಚರ ಹೆಸರು ಇವರಿಗೆ ನೆನಪಿರಲಿಲ್ಲ; ಚಿಕ್ಕಮ್ಮನ ಎಡಗಿವಿ ಎಲ್ಲಿ ಹರಿದಿದೆ ಎಂಬುದು ನಿದ್ದೆಯಲ್ಲೂ ಗೊತ್ತಿತ್ತು.

ಎಪ್ಪತ್ತೇಳರ ಬೇಸಿಗೆಯಲ್ಲಿ ಗುಂಪು ಒಂದು ದೊಡ್ಡ ದನದ ಫಾರ್ಮಿಗೆ ನುಗ್ಗಿತು. ಅಲ್ಲಿಯವರು ಎಲ್ಲವನ್ನೂ ಗುಂಡಿಕ್ಕಿ ಕೊಂದು ಸಾಲಾಗಿ ಮಲಗಿಸಿದರು. ಅಂದು ಬಿಲದ ಹತ್ತಿರ ಕಾವಲಿದ್ದದ್ದು ಚಿಕ್ಕಮ್ಮ. ಬೇಟೆಗೆ ಹೋದವರು ಬರಲಿಲ್ಲ, ತುತ್ತೂ ಬರಲಿಲ್ಲ. ಇವರು ಹೋಗಿ ನೋಡಿದಾಗ ಅದರ ಪಕ್ಕೆಲುಬು ಎದ್ದು ಕಾಣುತ್ತಿತ್ತಂತೆ. ಮರಿಗಳು ಅದರ ಬಾಯಿ ನೆಕ್ಕುತ್ತಿದ್ದವಂತೆ.

ಹಟ ಹಿಡಿದು, ಯಾರ್ಯಾರದೋ ಕೈಕಾಲು ಹಿಡಿದು, ಚಿಕ್ಕಮ್ಮನನ್ನೂ ಏಳು ಮರಿಗಳನ್ನೂ ವಿಮಾನದಲ್ಲಿ ಕ್ಯಾರೊಲೈನಾಕ್ಕೆ ತಂದರು. ನಮ್ಮ ಮನೆಯಿಂದ ಒಂದು ಗಂಟೆಯ ದಾರಿ, ಪೈನ್ ಮರಗಳ ನಡುವೆ ಒಂದು ಖಾಸಗಿ ಪ್ರಾಣಿಧಾಮ. ಅಲ್ಲಿ ತಂತಿ ಬೇಲಿಯೊಳಗೆ ಕೆಂಪು ಮಣ್ಣು ತೋಡಿ ಬಿಲ ಮಾಡಿಸಿದರು.

"ಎರಡೇ ವರ್ಷ ಕಣೇ. ಮರಿ ದೊಡ್ಡವಾಗ್ಲಿ. ಟಾಂಜಾನಿಯದ ಒಂದು ನ್ಯಾಷನಲ್ ಪಾರ್ಕಿನೋರು ಬಿಟ್ಕೊಳ್ತೀವಿ ಅಂದಿದಾರೆ. ವಾಪಸ್ ಕರ್ಕೊಂಡು ಹೋಗ್ತೀನಿ," ಎಂದರು. ಮದುವೆಯ ದಿನವೂ ಆ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಸೆಪ್ಟೆಂಬರಿನಲ್ಲಿ ಬೇಲಿಯ ಹೊರಗೆ ರಕೂನ್ ಎಂಬ ಕಾಡುಪ್ರಾಣಿಯೊಂದು ಸತ್ತು ಬಿದ್ದಿತ್ತು. ಡಿಸ್ಟೆಂಪರ್ ರೋಗ. ನಾಯಿಜಾತಿಗೆ ಅದು ಮೃತ್ಯು. ಇವರು ಅದೇ ಮಧ್ಯಾಹ್ನ ಊರಿನ ನಾಯಿಗಳಿಗೆಲ್ಲ ಹಾಕುವ ಲಸಿಕೆ ತರಿಸಿದರು. ಧಾಮದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದ ವೇಯ್ನ್, ಸ್ವಲ್ಪ ಕಾಯೋಣ, ಮರಿಗಳನ್ನು ಒಳಗಿನ ಕೋಣೆಗೆ ಹಾಕೋಣ ಎಂದನಂತೆ. ನಾನು ಮಕ್ಕಳ ಡಾಕ್ಟರು. ನಾನೂ ಕೇಳಿದೆ.

"ಈ ಜಾತಿಗೆ ಇದನ್ನ ಯಾರಾದ್ರೂ ಟ್ರೈ ಮಾಡಿದಾರೇನ್ರೀ?"

"ದಿನಾ ಬೆಳಗಾದ್ರೆ ಮಕ್ಕಳಿಗೆ ಚುಚ್ತೀಯ, ನೀನು ಈ ಮಾತಾಡ್ತೀಯಾ?" ಎಂದು ಹರಿಹಾಯ್ದರು. "ಮಂಡ್ಯದ ಕಡೆ ದನಗಳಿಗೆ ದೊಡ್ಡರೋಗ ಬಂದಾಗ ನಾನು ಹಳ್ಳಿಹಳ್ಳಿ ಸುತ್ತಿದೀನಿ. ಚುಚ್ಚಿಸಿಕೊಂಡೋರ ದನ ಉಳೀತು. ನೋಡೋಣ, ಕಾಯೋಣ ಅಂದೋರ ಕೊಟ್ಟಿಗೆ ಗುಡಿಸಿಹೋಯ್ತು. ಕಾಯೋದು ಅಂದ್ರೆ ಕೊಲ್ಲೋದು!"

ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದಿದ ಮನುಷ್ಯ. ಸೂಜಿ ಎಂದರೆ ದೇವರು. ಮರಿಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು ತಮ್ಮ ಕೈಯಾರೆ ಚುಚ್ಚಿದರು. ಚಿಕ್ಕಮ್ಮ ಅಂದು ಕೈಗೆ ಸಿಗಲಿಲ್ಲ; ಮುಂದಿನ ವಾರ ನೋಡೋಣ ಎಂದು ಬಿಟ್ಟರು.

ಮುಂದಿನ ವಾರ ಮೊದಲನೆಯ ಮರಿಯ ಕಣ್ಣಲ್ಲಿ ಪಿಸುರು ಕಟ್ಟಿತು. ಆಮೇಲೆ ನಡುಕ, ಸೆಳೆತ, ಗೋಡೆಗೆ ತಲೆ ಚಚ್ಚಿಕೊಳ್ಳುವುದು. ಇವರು ಮನೆಗೆ ಬರುವುದನ್ನೇ ಬಿಟ್ಟರು. ನಾನು ಚಿತ್ರಾನ್ನ ಕಟ್ಟಿಕೊಂಡು ಹೋದರೆ ಡಬ್ಬಿ ಹಾಗೇ ವಾಪಸ್ಸು ಬರುತ್ತಿತ್ತು. ಏಳೂ ಹೋದವು.

ಸತ್ತ ಮರಿಗಳ ಪರೀಕ್ಷೆ ಮಾಡಿದ ವಾಷಿಂಗ್ಟನ್ನಿನ ಲ್ಯಾಬಿನಿಂದ ಫೋನು ಬಂದಾಗ ನಾನು ಪಕ್ಕದಲ್ಲೇ ಇದ್ದೆ. ರಕೂನಿನ ರೋಗವಲ್ಲ, ಲಸಿಕೆಯದೇ ಎಂದರು. ಅದರಲ್ಲಿರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್ಸು. ಮನೆ ನಾಯಿಯ ಮೈ ಅದನ್ನು ತಡೆದುಕೊಂಡು ಗಟ್ಟಿಯಾಗುತ್ತದೆ. ಈ ಕಾಡುನಾಯಿಗಳನ್ನು ಕೊಲ್ಲಲು ಅಷ್ಟೇ ಸಾಕಾಗಿತ್ತು. ಇವರು "ಥ್ಯಾಂಕ್ ಯೂ" ಎಂದು ಫೋನಿಟ್ಟರು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ನನಗೆ ಉರಿದುಹೋಯಿತು. ಬಾಯಿ ತುಂಬ ಬೈಯಬೇಕೆಂದು ಎದುರಿಗೆ ಹೋದೆ. ಆ ಮುಖ ನೋಡಿ ಕಾಫಿ ಮಾಡಿ ಕೊಟ್ಟೆ. ಅದನ್ನೂ ಕುಡಿಯಲಿಲ್ಲ.

ಆ ವರ್ಷ ದೀಪಾವಳಿಗೆ ನಾವು ಹೋಗಲಿಲ್ಲ. ಪಾರ್ಕಿನವರು, ಒಂದೇ ನಾಯಿ ಕಳಿಸಿ ಏನು ಪ್ರಯೋಜನ, ಗುಂಪಿಲ್ಲದೆ ಅದು ಬದುಕದು ಎಂದು ತಿಳಿಸಿದರು. ನಿಜವೇ. ಆ ಬಯಲಲ್ಲಿ ಹುಡುಕಿದರೂ ಅದರ ಬಳಗದ್ದು ಇನ್ನೊಂದು ಸಿಕ್ಕುವಂತಿರಲಿಲ್ಲ.

ಒಂದು ಭಾನುವಾರ ವೇಯ್ನ್ ಫೋನು ಮಾಡಿದ. ಚಿಕ್ಕಮ್ಮ ಹಾಕಿದ್ದನ್ನೆಲ್ಲ ತಿನ್ನುತ್ತದೆ, ಆದರೂ ಸೊರಗುತ್ತಿದೆ, ಒಂದು ಸಲ ಬಂದು ನೋಡಿ ಎಂದ. ಇವರು ಒಲ್ಲೆ ಎಂದರು. ನಾನು ಬಿಡಲಿಲ್ಲ. ಚಿತ್ರಾಳನ್ನೂ ಹತ್ತಿಸಿಕೊಂಡು ನಾನೇ ಡ್ರೈವ್ ಮಾಡಿದೆ.

ಹೋದಾಗ ವೇಯ್ನ್ ಆಗಷ್ಟೇ ಮಾಂಸ ಹಾಕಿದ್ದ. ಚಿಕ್ಕಮ್ಮ ಗಬಗಬನೆ ತಿಂದು ನೇರ ಬಿಲದ ಬಾಯಿಗೆ ಓಡಿತು. ತಲೆ ತಗ್ಗಿಸಿತು. ತಿಂದದ್ದರಲ್ಲಿ ಅರ್ಧಕ್ಕರ್ಧ ಅಲ್ಲಿ ಕಕ್ಕಿತು. ಹಿಂದೆ ಸರಿದು, ಬಾಲ ಅಲ್ಲಾಡಿಸುತ್ತ ಕಾಯಿತು. ಹಳೆಯದೆಲ್ಲ ಅಲ್ಲೇ ಕೊಳೆತು ನೊಣ ಮುತ್ತಿತ್ತು. ಆಮೇಲೆ ಅದು ಮುಖವನ್ನು ನೆಲಕ್ಕೆ ಬಾಗಿಸಿ ಕೂಗತೊಡಗಿತು: ಹೂ... ಹೂ...

ನಾನು ಈ ಕೂಗನ್ನು ಇವರ ಬಾಯಲ್ಲಿ ನೂರು ಸಲ ಕೇಳಿ ನಕ್ಕಿದ್ದೆ.

"ಅಪ್ಪಾ, ಡೂ ದ ಡಾಗ್," ಎಂದಳು ಚಿತ್ರಾ, ಮೆಲ್ಲಗೆ. "ಶೀ ಈಸ್ ಕಾಲಿಂಗ್. ಯಾರೂ ಆನ್ಸರ್ ಮಾಡ್ತಿಲ್ಲ."

"ಬೇಡ ಪುಟ್ಟಿ."

"ಪ್ಲೀಸ್, ಅಪ್ಪಾ."

ಕೈಯೆರಡನ್ನೂ ಬಾಯಿಗೆ ತಂದರು. ಕೂಗಿದರು.

ಚಿಕ್ಕಮ್ಮನ ಅಗಲ ಕಿವಿಗಳೆರಡೂ ನಿಮಿರಿದವು. ಒಂದೇ ಓಟಕ್ಕೆ ಬೇಲಿಗೆ ಬಂತು. ಇವರನ್ನು ನೋಡಿತು, ಮೂಸಿತು. ಇವರು ಮಂಡಿಯೂರಿ ಕುಳಿತು, ಹಣೆಯನ್ನು ತಂತಿಗೆ ಒತ್ತಿ, "ತಪ್ಪಾಯ್ತು ಕಣೇ, ತಪ್ಪಾಯ್ತು," ಎಂದು ಅಳತೊಡಗಿದರು. ಮದುವೆಯಾದಾಗಿನಿಂದ ಇವರು ಅತ್ತದ್ದು ನಾನು ಕಂಡಿರಲಿಲ್ಲ. ಅದು ಮೂತಿಯನ್ನು ತಂತಿಗೆ ತಾಗಿಸಿ ತಲೆ ತಗ್ಗಿಸಿತು. ಹೊಟ್ಟೆ ಹಿಂಡಿಕೊಂಡಿತು. ಉಳಿದಿದ್ದ ಮಾಂಸವನ್ನೆಲ್ಲ ಇವರ ಮಂಡಿಯ ಹತ್ತಿರ ಕಕ್ಕಿತು.

"ಅಮ್ಮಾ, ವಾಟ್ ಈಸ್ ಶೀ ಡೂಯಿಂಗ್?"

"ಊಟ ಹಾಕ್ತಿದೆ ಮಗಳೇ," ಎಂದೆ.

ಅದು ಎರಡು ಹೆಜ್ಜೆ ಹಿಂದೆ ಸರಿದು, ಬಾಲ ಅಲ್ಲಾಡಿಸುತ್ತ, ಇವರು ತಿನ್ನಲಿ ಎಂದು ಕಾಯುತ್ತಾ ನಿಂತಿತು.